ಹಾರ್ಡ್ ಡಿಸ್ಕ್ ಯಾಕೆ ಹೋಗುತ್ತೆ ಅಂತ ಹಳಕಟ್ಟಿಯವರಿಗೆ ಗೊತ್ತಿತ್ತು

ವಿಜಯಪುರದಲ್ಲಿ ವಿ.ಪಿ. ಡಾ. ಪಿ.ಜಿ. ಹಳಕಟ್ಟಿ ಅನ್ನೋ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ನನ್ನ ಜೊತೆ ಹೈಸ್ಕೂಲು ಓದಿದ ನಾಲ್ಕೈದು ಮಂದಿ ಅಲ್ಲಿದ್ದಾರೆ. ವಿ.ಪಿ. ಅಂದ್ರೆ ಏನು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದ್ದಕ್ಕೆ ಒಬ್ಬ ವೈಸ್ ಪ್ರೆಸಿಡೆಂಟ್ ಅಂತ ಹಾಕಿದ, ಇನ್ನೊಬ್ಬ ವೈಸ್ ಪ್ರಿನ್ಸಿಪಾಲ್ ಅಂದ. ಪಿ.ಜಿ. ಅಂದ್ರೆ ಪೋಸ್ಟ್ ಗ್ರ್ಯಾಜುಯೇಟ್ ಇರಬೇಕು ಅಂತ ಮೂರನೆಯವನ ಊಹೆ. ಮೂರೂ ತಪ್ಪು. ವಿ.ಪಿ. ಅಂದ್ರೆ ವಚನ ಪಿತಾಮಹ. ಪಿ.ಜಿ. ಅಂದ್ರೆ ಫಕೀರಪ್ಪ ಗುರುಬಸಪ್ಪ. ಕನ್ನಡದಲ್ಲಿ ಫ.ಗು. ಹಳಕಟ್ಟಿ. ವೃತ್ತಿಯಿಂದ ವಕೀಲರು. ಆದರೆ ಬದುಕಿಡೀ ಅವರು ಮಾಡಿದ ಕೆಲಸಕ್ಕೆ ನಮ್ಮ ಬ್ರಾಂಚಿನವರು ಇಡೋ ಹೆಸರು ಡೇಟಾ ರಿಕವರಿ. ಅದಕ್ಕೇ ಅವರ ಕಥೆಯನ್ನ ನಾನು ಹಾರ್ಡ್ ಡಿಸ್ಕಿನಿಂದ ಶುರು ಮಾಡ್ತೀನಿ.

ಕೆಟ್ಟ ಹಾರ್ಡ್ ಡಿಸ್ಕ್ ಒಂದನ್ನಾದರೂ ನಮ್ಮಲ್ಲಿ ಬಹಳ ಮಂದಿ ಬಿಚ್ಚಿ ನೋಡಿರ್ತೀವಿ. ಕನ್ನಡಿ ಹಂಗೆ ಹೊಳೆಯೋ ತಟ್ಟೆಗಳು, ಅವುಗಳ ಮೇಲೆ ಓಡಾಡೋಕೆ ಸಣ್ಣ ತೋಳು, ತೋಳಿನ ತುದಿಗೆ ಹೆಡ್ಡು. ತಟ್ಟೆ ಅಲ್ಯೂಮಿನಿಯಂ ಅಥವಾ ಗಾಜಿನದು, ಅದರ ಮೇಲೆ ತೀರಾ ತೆಳುವಾದ ಕಾಂತೀಯ ಲೇಪ. ನಮ್ಮ ಫೋಟೋ, ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಇರೋದು ಆ ಲೇಪದಲ್ಲಿ. ಸಾಮಾನ್ಯ ಡೆಸ್ಕ್‌ಟಾಪ್ ಡ್ರೈವ್ ನಿಮಿಷಕ್ಕೆ 7200 ಸುತ್ತು ತಿರುಗುತ್ತೆ. ಮೂರೂವರೆ ಇಂಚಿನ ಡ್ರೈವಿಗೆ ಲೆಕ್ಕ ಹಾಕಿ ನೋಡಿ, ತಟ್ಟೆಯ ಹೊರ ಅಂಚು ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಓಡ್ತಿರುತ್ತೆ. ನಮ್ಮೂರು ಲಚ್ಯಾಣದ ಸ್ಟೇಷನ್ ದಾಟಿ ಹೋಗೋ ರೈಲಿಗೂ ಅಷ್ಟು ವೇಗ ಇರಲಿಕ್ಕಿಲ್ಲ. ಇಷ್ಟಾದರೂ ಹೆಡ್ಡು ತಟ್ಟೆಯನ್ನ ಮುಟ್ಟೋದಿಲ್ಲ. ತಿರುಗೋ ತಟ್ಟೆ ಎಬ್ಬಿಸೋ ಗಾಳಿಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲ್ತಿರುತ್ತೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್.

ಇದು ತಿಳಿದ ಮೇಲೆ ಡಿಸ್ಕ್ ಯಾಕೆ ಹೋಗುತ್ತೆ ಅನ್ನೋದಕ್ಕಿಂತ ಇಷ್ಟು ವರ್ಷ ಹೆಂಗೆ ಬಾಳುತ್ತೆ ಅನ್ನೋದೇ ನನಗೆ ಆಶ್ಚರ್ಯ. ಓಡ್ತಿರೋವಾಗ ಕೈತಪ್ಪಿ ಬಿದ್ದರೆ ಹೆಡ್ಡು ತಟ್ಟೆಗೆ ಬಡಿದು ಲೇಪವನ್ನ ಕೆರೆಯುತ್ತೆ. ಕೆರೆದ ಪುಡಿ ಒಳಗೇ ಹಾರಾಡಿ ಇನ್ನಷ್ಟು ಕೆರೆಯುತ್ತೆ. ಮೋಟರಿನ ಬೇರಿಂಗ್ ಸವೆಯುತ್ತೆ. ಕರೆಂಟು ಹೋಗಿ ಬಂದು ಮಾಡೋ ಊರಿನಲ್ಲಿ ವೋಲ್ಟೇಜ್ ಜಿಗಿದು ಕೆಳಗಿನ ಸರ್ಕ್ಯೂಟ್ ಬೋರ್ಡ್ ಸುಡುತ್ತೆ. ತಟ್ಟೆಯ ಅಲ್ಲಲ್ಲಿ ಜಾಗ ಸತ್ತು ಬ್ಯಾಡ್ ಸೆಕ್ಟರ್ ಆಗುತ್ತೆ. ಡ್ರೈವು ಅದನ್ನ ಮುಚ್ಚಿಟ್ಟು ಬೇರೆ ಜಾಗ ಕೊಡ್ತಾ ಹೋಗುತ್ತೆ, ಕೊಡೋ ಜಾಗ ಮುಗಿದ ದಿನ ನಮಗೆ ಗೊತ್ತಾಗುತ್ತೆ. ಮುನ್ಸೂಚನೆ ಕೊಡೋಕೆ ಸ್ಮಾರ್ಟ್ ಅನ್ನೋ ವ್ಯವಸ್ಥೆ ಏನೋ ಇದೆ. ಆದರೆ 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡ್ರೈವುಗಳ ಲೆಕ್ಕ ತೆಗೆದು ಹೇಳಿದ್ದು ಏನಂದ್ರೆ, ಕೆಟ್ಟ ಡ್ರೈವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವು ಯಾವ ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು.

ನಮ್ಮೂರಲ್ಲಿ ಹಂಗೇ ಆಯ್ತು. ಲಚ್ಯಾಣ ಇಂಡಿ ತಾಲ್ಲೂಕಿನ ಊರು. ಸಿದ್ಧಲಿಂಗ ಮಹಾರಾಜರ ಮಠ ಇದೆ, ಜಾತ್ರೆ ಜೋರಾಗಿ ಆಗುತ್ತೆ. ಜಾತ್ರೆ, ಮದುವೆ, ಭಜನೆ ಎಲ್ಲಾ ವಿಡಿಯೋ ಮಾಡೋ ಒಬ್ಬ ಫೋಟೋಗ್ರಾಫರ್ ಅಣ್ಣ ಇದ್ದಾರೆ. ಹತ್ತು ವರ್ಷದ ರೆಕಾರ್ಡಿಂಗ್ ಒಂದೇ ಡಿಸ್ಕಿನಲ್ಲಿತ್ತು. ಹೋದ ಬೇಸಿಗೆಯಲ್ಲಿ ಒಂದು ದಿನ ಅದು ಟಿಕ್ ಟಿಕ್ ಅಂದು ನಿಂತುಹೋಯ್ತು. ಹೆಡ್ಡು ಜಾಗ ಹುಡುಕಿ ಸಿಗದೆ ವಾಪಸ್ ಬರೋ ಸದ್ದು ಅದು. ಅದರಲ್ಲಿ ಭಜನೆ ಪದ ಹಾಡೋ ನಾಲ್ಕೈದು ಹಿರಿಯರ ದನಿ ಇತ್ತು. ಅವರಲ್ಲಿ ಇಬ್ಬರು ಈಗಿಲ್ಲ. ನಾನು ಹಳಕಟ್ಟಿಯವರ ಬಗ್ಗೆ ಓದೋಕೆ ಶುರು ಮಾಡಿದ್ದು ಆಮೇಲೆ.

ಫಕೀರಪ್ಪನವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರೂ ಹೌದು. ಮನೆಯಲ್ಲಿ ಪುಸ್ತಕ ಇತ್ತು, ಕನ್ನಡದ ಮಾತಿತ್ತು. ಕಾಲೇಜಿಗೆ ಹೋಗಿದ್ದು ಮುಂಬಯಿಗೆ, ಸೇಂಟ್ ಝೇವಿಯರ್ಸಿಗೆ. ಆಗ ನಮ್ಮ ಕಡೆ ಎಲ್ಲಾ ಮುಂಬಯಿ ಪ್ರಾಂತ್ಯ, ಕಚೇರಿ ಶಾಲೆಗಳಲ್ಲಿ ಮರಾಠಿಯ ಜೋರು. ಮುಂಬಯಿಯಲ್ಲಿ ಮರಾಠಿ, ಗುಜರಾತಿ ಮಂದಿ ತಮ್ಮ ಭಾಷೆಗೆ ಎಷ್ಟು ದುಡೀತಾರೆ ಅಂತ ಈ ಹುಡುಗ ಕಣ್ಣಾರೆ ಕಂಡರು. ಅಲ್ಲಿ ಇವರ ಒಡನಾಡಿ ಯಾರು ಗೊತ್ತಾ? ಆಲೂರು ವೆಂಕಟರಾಯರು, ಮುಂದೆ ಕರ್ನಾಟಕದ ಕುಲಪುರೋಹಿತರು ಅನ್ನಿಸಿಕೊಂಡವರು. ಒಂದೇ ಊರಿನಲ್ಲಿ ಓದ್ತಿದ್ದ ಇಬ್ಬರು ಹುಡುಗರಲ್ಲಿ ಒಬ್ಬರು ಹರಿದುಹೋದ ನಾಡನ್ನ ಕೂಡಿಸೋಕೆ ಹೊರಟರು, ಇನ್ನೊಬ್ಬರು ಚದುರಿಹೋದ ಓಲೆಗಳನ್ನ.

1904ರಲ್ಲಿ ಕಾನೂನು ಪದವಿ ಮುಗಿಸಿ, ಬೆಳಗಾವಿಯಲ್ಲಿ ಸ್ವಲ್ಪ ದಿನ ವಕೀಲಿ ಮಾಡಿ, ಅದೇ ವರ್ಷ ವಿಜಾಪುರಕ್ಕೆ ಬಂದರು. ಹೊಟಗಿ–ಗದಗ ರೈಲುಮಾರ್ಗ ಆಗಿ ಇಪ್ಪತ್ತು ವರ್ಷ ಆಗಿತ್ತು. ಬರದ ಜಿಲ್ಲೆ, ಕರಿ ನೆಲ, ಶಾಲೆ ಕಡಿಮೆ. ವಕೀಲಿ ಚೆನ್ನಾಗಿ ನಡೀತು, ಸರ್ಕಾರಿ ವಕೀಲರೂ ಆದರು. ಅಷ್ಟಕ್ಕೇ ನಿಂತಿದ್ದರೆ ದೊಡ್ಡ ಬಂಗಲೆ ಕಟ್ಟಿಸಿಕೊಂಡು ಆರಾಮಾಗಿ ಇರಬಹುದಿತ್ತು. ಅವರು 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಶುರು ಮಾಡಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು. ನಗರಸಭೆಯ ಕೆಲಸ, ಮುಂಬಯಿ ವಿಧಾನ ಪರಿಷತ್ತಿನ ಸದಸ್ಯತ್ವ, ಹೀಗೆ ಪಟ್ಟಿ ಉದ್ದ ಇದೆ. ಅದನ್ನೆಲ್ಲ ಬಿಡ್ತೀನಿ. ಒಬ್ಬ ಮನುಷ್ಯ ಇಷ್ಟು ಮಾಡಿದ್ದೇ ಒಂದು ಬದುಕಿಗೆ ಸಾಕಾಗಿತ್ತು, ಆದರೆ ನನಗೆ ಬೇಕಾದ ಕಥೆ ಇದಲ್ಲ.

ಈಗಿನ ಬಾಗಲಕೋಟೆ ಜಿಲ್ಲೆಯ ರಬಕವಿಯಲ್ಲಿ ಮಂಚಾಲಿಯವರ ಮನೆ ಅಂತ ಇತ್ತು. ಅಲ್ಲಿ ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನ ನೋಡಿದರು. ಅದರಲ್ಲಿ ಹನ್ನೆರಡನೇ ಶತಮಾನದ ಶರಣರ ವಚನಗಳಿದ್ದವು. ಬಸವಣ್ಣನವರ ಹೆಸರು ಎಲ್ಲರಿಗೂ ಗೊತ್ತು, ಅವರ ಬಾಗೇವಾಡಿ ಇದೇ ಜಿಲ್ಲೆ. ಆದರೆ ಅವರು, ಅವರ ಜೊತೆಗಿದ್ದ ನೂರಾರು ಮಂದಿ ಏನು ಹೇಳಿದ್ದರು ಅನ್ನೋದು ಇದ್ದಿದ್ದು ಮಠದ ಕಪಾಟಿನಲ್ಲಿ, ಮನೆಯ ಜಗಲಿ ಮೇಲೆ, ಬಟ್ಟೆಯಲ್ಲಿ ಸುತ್ತಿದ ಗಂಟಿನಲ್ಲಿ. ಕೆಲವು ವಚನ ಆಗಲೇ ಅಚ್ಚಾಗಿದ್ದವು ನಿಜ. ಉಳಿದದ್ದು ಬಹುಪಾಲು ಕತ್ತಲಲ್ಲಿತ್ತು.

ತಾಳೆಗರಿ ಹೆಂಗೆ ಕೆಲಸ ಮಾಡುತ್ತೆ ಅಂತ ನೋಡಿದರೆ ಇದೂ ಒಂದು ಸ್ಟೋರೇಜ್ ಸಾಧನವೇ. ಗರಿಯನ್ನ ಬೇಯಿಸಿ, ಒಣಗಿಸಿ, ಹದ ಮಾಡಿ, ಕಂಠ ಅನ್ನೋ ಚೂಪು ಕಬ್ಬಿಣದ ಕಡ್ಡಿಯಿಂದ ಅಕ್ಷರ ಕೊರೀತಾರೆ. ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ನಿಲ್ಲುತ್ತೆ. ಗರಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಕಟ್ಟಿದರೆ ಒಂದು ಕಟ್ಟು. ತಿರುಗೋ ಭಾಗ ಇಲ್ಲ, ಕರೆಂಟ್ ಬೇಡ. ಚೆನ್ನಾಗಿ ನೋಡಿಕೊಂಡರೆ ಮುನ್ನೂರು ನಾನೂರು ವರ್ಷ ಬಾಳುತ್ತೆ. ನಮ್ಮ ಯಾವ ಹಾರ್ಡ್ ಡಿಸ್ಕಿಗೂ ಅಷ್ಟು ಆಯುಷ್ಯ ಇಲ್ಲ.

ಆದರೂ ಅದು ಕೆಡುತ್ತೆ, ಹೆಚ್ಚುಕಡಿಮೆ ನಮ್ಮ ಡಿಸ್ಕ್ ಕೆಡೋ ದಾರಿಯಲ್ಲೇ. ಹುಳ ತೂತು ಕೊರೆಯುತ್ತೆ, ಆ ಜಾಗದ ಅಕ್ಷರ ಹೋಗುತ್ತೆ, ಸುತ್ತಲಿನದು ಉಳಿಯುತ್ತೆ. ಪಕ್ಕಾ ಬ್ಯಾಡ್ ಸೆಕ್ಟರ್. ಗೆದ್ದಲು ಬಂದರೆ ಕಟ್ಟೇ ಖಾಲಿ. ದಾರದ ತೂತಿನ ಸುತ್ತ ಗರಿ ಸೀಳುತ್ತೆ. ಅಂಚು ಮುರಿದು ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಅಕ್ಷರ ಮಾಯ. ನಮ್ಮ ಕಡೆಯ ಒಣ ಬಿಸಿಲಿಗೆ ಗರಿ ಪೆಡಸಾಗಿ, ಬಿಚ್ಚಿದ ಕೂಡಲೇ ಹಪ್ಪಳದಂಗೆ ಮುರಿಯುತ್ತೆ. ದಾರ ಕಡಿದರೆ ಗರಿಗಳ ಕ್ರಮ ತಪ್ಪುತ್ತೆ, ಅಂದ್ರೆ ಡೇಟಾ ಇದೆ, ಫೈಲ್ ಟೇಬಲ್ ಇಲ್ಲ. ಇನ್ನೊಂದು ತೊಂದರೆ ಓದೋರದ್ದು. ಪದಗಳ ನಡುವೆ ಜಾಗ ಬಿಡದೆ, ಹಳೇ ಅಕ್ಷರದಲ್ಲಿ ಬರೆದಿದ್ದನ್ನ ಓದೋ ಮಂದಿ ತೀರಿಹೋದರೆ ಗರಿ ಗಟ್ಟಿ ಇದ್ದೂ ಉಪಯೋಗ ಇಲ್ಲ. ಫ್ಲಾಪಿ ಇದೆ, ಡ್ರೈವ್ ಇಲ್ಲ ಅಂತಾರಲ್ಲ ಹಂಗೆ. ಎಲ್ಲಕ್ಕಿಂತ ದೊಡ್ಡ ಅಪಾಯ ಅಂದ್ರೆ ಭಕ್ತಿ ಅನ್ನಬೇಕೇನೋ. ಕಟ್ಟಿಗೆ ಕುಂಕುಮ ಹಚ್ಚಿ ಪೂಜೆ ಮಾಡ್ತಾರೆ, ಬಿಚ್ಚೋದಿಲ್ಲ. ಒಳಗೆ ಹುಳ ತಿಂತಿದ್ದರೂ ಹೊರಗೆ ಹೂವು ಏರ್ತಿರುತ್ತೆ. ಸೂಚನೆ ಕೊಡದೆ ಕೆಡೋ ಡ್ರೈವು ಅಂದ್ರೆ ಇದೇ.

ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಕಲ್ಯಾಣದಲ್ಲಿ ಗಲಭೆಯಾಗಿ ಶರಣರು ಚದುರಿದಾಗ ವಚನದ ಕಟ್ಟುಗಳನ್ನ ಹೊತ್ತುಕೊಂಡು ಉಳವಿ ಕಡೆ ಹೋದರು ಅನ್ನೋ ಕಥೆ ಇದೆ. ಹದಿನೈದನೇ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ಮತ್ತೆ ಹುಡುಕಿ, ಜೋಡಿಸಿ, ಪ್ರತಿ ಮಾಡೋ ದೊಡ್ಡ ಕೆಲಸ ನಡೀತು. ಅದು ಒಂದು ಬ್ಯಾಕಪ್. ಅಲ್ಲಿಂದ ಮುಂದೆ ನಾಲ್ಕೈನೂರು ವರ್ಷ ಆಗಿತ್ತು, ಗರಿಯ ಆಯುಷ್ಯ ಮುಗೀತಾ ಬಂದಿತ್ತು. ಹಳಕಟ್ಟಿಯವರು ಬಂದಿದ್ದು ಸರಿಯಾಗಿ ಆ ಹೊತ್ತಿಗೆ. ಇನ್ನೊಂದು ತಲೆಮಾರು ತಡ ಆಗಿದ್ದರೆ ಎಷ್ಟು ಉಳೀತಿತ್ತು ಅಂತ ಯೋಚನೆ ಮಾಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ.

ಕೋರ್ಟಿನ ಕೆಲಸ ಮುಗಿಸಿ, ರಜೆ ನೋಡಿ, ಅವರು ಊರೂರು ತಿರುಗಿದರು. ಮಠಗಳಿಗೆ ಹೋದರು, ಮನೆಗಳಿಗೆ ಹೋದರು. ಕೊಡೋರು ಕೊಟ್ಟರು, ಕೊಡದವರ ಮನೆಯಲ್ಲೇ ಕೂತು ನಕಲು ಮಾಡಿಕೊಳ್ಳಬೇಕಿತ್ತು. ಸಾವಿರಕ್ಕೂ ಹೆಚ್ಚು ಕಟ್ಟುಗಳನ್ನ ಕೂಡಿಹಾಕಿದರು ಅಂತ ಹೇಳ್ತಾರೆ. ಅವರು ಬರೋಕೆ ಮುಂಚೆ ನಮಗೆ ಹೆಸರು ಗೊತ್ತಿದ್ದ ವಚನಕಾರರು ಸುಮಾರು ಐವತ್ತು, ಅವರ ಕೆಲಸ ಮುಗಿಯೋ ಹೊತ್ತಿಗೆ ಇನ್ನೂರೈವತ್ತರ ಹತ್ತಿರ. ಯಾವ ವಚನ ಯಾರದು ಅಂತ ಗೊತ್ತು ಮಾಡಿಕೊಳ್ಳೋಕೆ ಒಂದು ಅನುಕೂಲ ಇತ್ತು. ಪ್ರತಿ ವಚನಕಾರರೂ ತಮ್ಮ ದೇವರ ಹೆಸರನ್ನ ವಚನದೊಳಗೇ ಇಡ್ತಾರೆ, ಅದಕ್ಕೆ ಅಂಕಿತ ಅಂತಾರೆ. ಕೂಡಲಸಂಗಮದೇವ ಇದ್ದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಇದ್ದರೆ ಅಕ್ಕಮಹಾದೇವಿ. ಗರಿಗಳು ಕಲಸಿಹೋದರೂ ಮಾಲೀಕರ ಹೆಸರು ಡೇಟಾದ ಒಳಗೇ ಇರುತ್ತೆ. ಎಂಟು ನೂರು ವರ್ಷದ ಹಿಂದೆ ಯಾರು ಈ ಮೆಟಾಡೇಟಾ ಡಿಸೈನ್ ಮಾಡಿದರೋ, ಅವರಿಗೊಂದು ನಮಸ್ಕಾರ.

ಸಿಕ್ಕಿದ್ದನ್ನ ಷಟ್‌ಸ್ಥಲಗಳ ಕ್ರಮದಲ್ಲಿ ಜೋಡಿಸಿ ವಚನಶಾಸ್ತ್ರಸಾರ ಅನ್ನೋ ಗ್ರಂಥ ತಯಾರು ಮಾಡಿದರು. ಅಚ್ಚು ಹಾಕಿಸೋಕೆ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿಗೆ ಕಳಿಸಿದರು. ಆಗ ಕನ್ನಡ ಅಚ್ಚಿಗೆ ಅದೇ ದೊಡ್ಡ ಹೆಸರು. ಹಸ್ತಪ್ರತಿ ಅಚ್ಚಾಗದೆ ವಾಪಸ್ ಬಂತು. ಕೊನೆಗೆ 1923ರಲ್ಲಿ ಬೆಳಗಾವಿಯ ಮಹಾವೀರ ಪ್ರೆಸ್ಸಿನಲ್ಲಿ ಮೊದಲ ಭಾಗ ಹೊರಬಂತು. ಆಗ ಅವರಿಗೆ 43 ವರ್ಷ.

ಇಲ್ಲಿ ಅವರು ತಗೊಂಡ ನಿರ್ಧಾರ ನನಗೆ ಬಹಳ ಇಷ್ಟ. ಮುಂದಿನ ಪುಸ್ತಕಕ್ಕೆ ಇನ್ನೊಂದು ಪ್ರೆಸ್ಸಿನ ಬಾಗಿಲು ಕಾಯಲಿಲ್ಲ. 1925ರಲ್ಲಿ ವಿಜಾಪುರದಲ್ಲೇ ಹಿತಚಿಂತಕ ಅನ್ನೋ ಹೆಸರಿನಲ್ಲಿ ತಮ್ಮದೇ ಮುದ್ರಣಾಲಯ ಹಾಕಿದರು. ಅದಕ್ಕೆ ಸ್ವಂತ ಮನೆ ಮಾರಿದರು ಅಂತ ಅವರ ಬಗ್ಗೆ ಬರೆದವರೆಲ್ಲ ಹೇಳ್ತಾರೆ. ಮರುವರ್ಷ, 1926ರಲ್ಲಿ, ಶಿವಾನುಭವ ಪತ್ರಿಕೆ ಶುರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಶಿವಾನುಭವವನ್ನ ಮೂವತ್ತು ವರ್ಷಕ್ಕೂ ಮೇಲೆ ನಡೆಸಿದರು. ಬರೆಯೋರು ಅವರೇ, ಅಚ್ಚಿನ ಕರಡು ತಿದ್ದೋರು ಅವರೇ, ಸಾಲಗಾರರಿಗೆ ಉತ್ತರ ಕೊಡೋರೂ ಅವರೇ.

ಪತ್ರಿಕೆ ಯಾಕೆ ಮುಖ್ಯ ಅಂದ್ರೆ, ಅಲ್ಲಿವರೆಗೆ ಒಂದು ಗರಿಕಟ್ಟು ಒಂದೇ ಊರಿನಲ್ಲಿರ್ತಿತ್ತು. ಆ ಮನೆಗೆ ಬೆಂಕಿ ಬಿದ್ದರೆ ಮುಗೀತು. ಪತ್ರಿಕೆಯಲ್ಲಿ ಅಚ್ಚಾದ ವಚನ ಮಾತ್ರ ಧಾರವಾಡದಲ್ಲಿ, ಬೆಳಗಾವಿಯಲ್ಲಿ, ಸೊಲ್ಲಾಪುರದಲ್ಲಿ, ಯಾವುದೋ ಹಳ್ಳಿಯ ಮಾಸ್ತರರ ಪೆಟ್ಟಿಗೆಯಲ್ಲಿ ಕೂತಿರುತ್ತೆ. ಒಂದು ಪ್ರತಿ ಹಾಳಾದರೆ ಇನ್ನೊಂದು ಇರುತ್ತೆ, ಅದೂ ಬೇರೆ ಊರಿನಲ್ಲಿ. ಇವತ್ತು ಬ್ಯಾಕಪ್ ಬಗ್ಗೆ ಹೇಳೋರು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಅಂತ ಒಂದು ಲೆಕ್ಕ ಹೇಳ್ತಾರೆ. ಗರಿಯಿಂದ ಕಾಗದಕ್ಕೆ, ಒಂದು ಮನೆಯಿಂದ ನೂರಾರು ಮನೆಗೆ: ಆ ಲೆಕ್ಕ ಇಲ್ಲಿ ಪೂರ್ತಿ ಕೂಡುತ್ತೆ.

ಅವರ ಸಂಪಾದನೆ ಶಾಸ್ತ್ರೀಯವಾಗಿರಲಿಲ್ಲ, ಪಾಠಾಂತರ ಸರಿಯಾಗಿ ಕೊಟ್ಟಿಲ್ಲ ಅಂತ ನಂತರದ ವಿದ್ವಾಂಸರು ತಕರಾರು ಮಾಡಿದ್ದುಂಟು. ತಕರಾರು ಸರಿಯೇ ಇರಬಹುದು. ಆದರೆ ಡೇಟಾ ರಿಕವರಿ ಮಾಡೋರನ್ನ ಕೇಳಿ ನೋಡಿ. ಟಿಕ್ ಟಿಕ್ ಅನ್ನೋ ಡಿಸ್ಕ್ ಕೈಗೆ ಬಂದರೆ ಅದರ ಮೇಲೇ ರಿಪೇರಿ ಶುರು ಮಾಡೋದಿಲ್ಲ. ಪ್ರತಿ ಸಲ ಆನ್ ಮಾಡೋದೂ ಅದರ ಕೊನೆಯ ಸಲ ಆಗಬಹುದು. ಮೊದಲು ಬಂದಷ್ಟನ್ನ ಬಂದ ಹಂಗೆ ಇನ್ನೊಂದು ಡಿಸ್ಕಿಗೆ ಇಳಿಸ್ಕೋತಾರೆ, ಓದೋಕಾಗದ ಜಾಗ ಬಿಟ್ಟು ಮುಂದೆ ಹೋಗ್ತಾರೆ. ತಪ್ಪು ತಿದ್ದೋದು, ಬಿಟ್ಟ ಜಾಗ ತುಂಬೋದು ಎಲ್ಲಾ ಆ ನಕಲಿನ ಮೇಲೆ, ಆಮೇಲೆ. ಹಳಕಟ್ಟಿಯವರ ಕೈಯಲ್ಲಿದ್ದಿದ್ದು ಬಿಚ್ಚಿದರೆ ಮುರಿಯೋ ಗರಿ. ಇಳಿಸಿಕೊಂಡರು. ತಿದ್ದೋಕೆ ಮುಂದೆ ಬಸವನಾಳರು, ಆರ್.ಸಿ. ಹಿರೇಮಠರು, ಎಲ್. ಬಸವರಾಜು, ಎಂ.ಎಂ. ಕಲಬುರ್ಗಿಯವರಂಥ ದೊಡ್ಡ ದೊಡ್ಡ ವಿದ್ವಾಂಸರು ಬಂದರು. ಅವರು ತಿದ್ದೋಕೆ ಏನಾದರೂ ಉಳಿದಿರಬೇಕಿತ್ತಲ್ಲ.

ಇದಕ್ಕೆ ಬೆಲೆ ಕೊಟ್ಟಿದ್ದು ಅವರ ಮನೆ. ವಕೀಲಿಯ ದುಡ್ಡು ಪ್ರೆಸ್ಸಿಗೆ ಹೋಯ್ತು, ಕೊನೆಕೊನೆಗೆ ವಕೀಲಿಯೇ ಹಿಂದೆ ಬಿತ್ತು. ಬ್ಯಾಂಕು ಕಟ್ಟಿದ ಮನುಷ್ಯ ಬಾಡಿಗೆ ಮನೆಯಲ್ಲಿದ್ದರು. ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಅಂತ ಬಿರುದು ಕೊಟ್ಟಿತ್ತು, ಆದರೆ ಬಿರುದಿನಿಂದ ಕಾಗದದ ಬಿಲ್ ತೀರೋದಿಲ್ಲ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ನವೆಂಬರ್ 1ಕ್ಕೆ ನಾಡು ಒಂದಾಯ್ತು, ವಿಜಾಪುರ ಮುಂಬಯಿಯಿಂದ ಬಿಟ್ಟು ಇತ್ತ ಬಂತು. ನಮಗೆ ಆ ವರ್ಷದ ಇನ್ನೊಂದು ಘಟನೆ ಸಿಲಬಸ್ಸಿನಲ್ಲಿದೆ: ಸೆಪ್ಟೆಂಬರಿನಲ್ಲಿ ಐಬಿಎಂ ಕಂಪನಿ ರಾಮ್ಯಾಕ್ ಅನ್ನೋ ಯಂತ್ರದ ಜೊತೆ ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನ ಹೊರಗೆ ತಂದಿತು. 24 ಇಂಚಿನ 50 ತಟ್ಟೆ, ಎರಡು ಫ್ರಿಜ್ಜಿನಷ್ಟು ದೊಡ್ಡ ಪೆಟ್ಟಿಗೆ, ಅದರಲ್ಲಿ ಹಿಡೀತಿದ್ದಿದ್ದು 50 ಲಕ್ಷ ಅಕ್ಷರ. ನಾನೊಂದು ಲೆಕ್ಕ ಹಾಕಿದೆ. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಒಂದು ವಚನಕ್ಕೆ ಹೆಚ್ಚುಕಡಿಮೆ 1 ಕಿಲೋಬೈಟ್. ಹತ್ತು ಸಾವಿರ ವಚನ ಅಂದ್ರೆ 10 ಮೆಗಾಬೈಟ್. ಹಳಕಟ್ಟಿಯವರು ಕೂಡಿಸಿದ್ದು ಆ ಮೊದಲ ಡಿಸ್ಕಿನಲ್ಲಿ ಹಿಡೀತಿರಲಿಲ್ಲ! ಇವತ್ತು ಅದು ನಮ್ಮ ಫೋನಿನ ಎರಡು ಮೂರು ಫೋಟೋಗಳ ಜಾಗ.

1964ರ ಜೂನ್ 29ರಂದು ಹಳಕಟ್ಟಿಯವರು ವಿಜಾಪುರದಲ್ಲಿ ತೀರಿಕೊಂಡರು. 84 ತುಂಬೋಕೆ ಮೂರು ದಿನ ಇತ್ತು. 1990ರ ದಶಕದಲ್ಲಿ ಸರ್ಕಾರ ಕಲಬುರ್ಗಿಯವರ ಮುಂದಾಳತ್ವದಲ್ಲಿ ಸಮಗ್ರ ವಚನ ಸಂಪುಟಗಳನ್ನ ಹದಿನೈದು ಭಾಗದಲ್ಲಿ ತಂದಿತು. ಈಗ ವಚನ ಸಂಚಯ ಅನ್ನೋ ತಾಣದಲ್ಲಿ ಯಾವ ಪದ ಯಾವ ವಚನದಲ್ಲಿದೆ ಅಂತ ಸರ್ಚ್ ಮಾಡಬಹುದು. ಹಳಕಟ್ಟಿಯವರು ಹುಟ್ಟಿದ ಜುಲೈ 2ನ್ನ ಸರ್ಕಾರ ವಚನ ಸಂರಕ್ಷಣಾ ದಿನ ಅಂತ ಆಚರಿಸುತ್ತೆ. ಅವತ್ತು ಅವರ ಫೋಟೋಕ್ಕೆ ಹಾರ ಹಾಕ್ತಾರೆ. ನನ್ನ ಕೇಳಿದರೆ ಅವತ್ತು ಎಲ್ಲಾ ಕಾಲೇಜುಗಳಲ್ಲೂ ಒಂದು ಗಂಟೆ ಬಿಟ್ಟು, ಎಲ್ಲರೂ ತಮ್ಮ ತಮ್ಮ ಡಿಸ್ಕಿನ ಬ್ಯಾಕಪ್ ತಗೊಳ್ಳಿ ಅನ್ನಬೇಕು.

ಲಚ್ಯಾಣದಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆ ಆಚೆ ಒಬ್ಬ ಅಮ್ಮನ ಜಗಲಿ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಗರಿಕಟ್ಟು ಇದೆ. ವಚನವೋ, ಪುರಾಣವೋ, ಬರೀ ಲೆಕ್ಕದ ಕಟ್ಟೋ ಯಾರಿಗೂ ಗೊತ್ತಿಲ್ಲ. ಮುಟ್ಟೋಕೆ ಬಿಡ್ತಿರಲಿಲ್ಲ. ಫೋಟೋ ಮಾತ್ರ ತಗೊಂಡು ಅಲ್ಲೇ ವಾಪಸ್ ಇಡ್ತೀವಿ ಅಂತ ಹೇಳಿದ ಮೇಲೆ ದೀಪಾವಳಿ ಆದ ಮೇಲೆ ಬರ್ರಿ ಅಂತ ಒಪ್ಪಿದ್ದಾರೆ. ಕ್ಯಾಮೆರಾ ನನ್ನ ಹತ್ತಿರ ಇದೆ. ಹಳೇ ಅಕ್ಷರ ಓದೋಕೆ ಬರೋರು ಬೇಕು. ನಿಮ್ಮ ಮನೆಯಲ್ಲಿ, ನಿಮ್ಮೂರ ಮಠದಲ್ಲಿ ಅಂಥವರಿದ್ದರೆ ಕ್ಲಬ್ಬಿನವರಿಗೆ ತಿಳಿಸಿ. ವಿಜಯಪುರದಿಂದ ಸೊಲ್ಲಾಪುರ ಪ್ಯಾಸೆಂಜರ್ ಹತ್ತಬೇಕು, ಇಂಡಿ ರೋಡ್ ಆದ ಮೇಲೆ ಲಚ್ಯಾಣ. ಸ್ಟೇಷನ್ನಿಗೆ ನಾನೇ ಬರ್ತೀನಿ.